‘ಇಂಗ್ಲಿಷ್ 3’ ಎಂಬ ಕ್ಯಾಸೆಟ್ಟು

ರಾಕ್ ಸಂಗೀತದ ಬಗ್ಗೆ ನನಗೆ ಕೆಲವು ಅಭಿಪ್ರಾಯಗಳಿವೆ. ಹುಣಸೂರಿನಲ್ಲಿ ಅವುಗಳಿಗೆ ಬೇಡಿಕೆ ಕಡಿಮೆ. ಕಾಲೇಜಿನ ಆಫೀಸಿನಲ್ಲಿ ಗುಮಾಸ್ತನಾಗಿರುವ ನನ್ನನ್ನು ಜನ ವರ್ಗಾವಣೆ ಪತ್ರ ಯಾವಾಗ ಸಿಗುತ್ತದೆ ಎಂದು ಕೇಳುತ್ತಾರೆಯೇ ಹೊರತು, ಡ್ರಮ್ಮು ಬಾರಿಸುವವನು ಹಾಡುವವನಿಗಿಂತ ಮುಖ್ಯವೇ ಎಂದು ಈವರೆಗೆ ಒಬ್ಬರೂ ಕೇಳಿಲ್ಲ. ಮುಖ್ಯ. ಕೇಳದಿದ್ದರೂ ಹೇಳಿಬಿಡುತ್ತೇನೆ, ಐವತ್ತು ದಾಟಿದ ಮೇಲೆ ಯಾವುದನ್ನೂ ಹೊಟ್ಟೆಯಲ್ಲಿ ಇಟ್ಟುಕೊಳ್ಳಬಾರದೆಂದು ಡಾಕ್ಟರೂ ಹೇಳಿದ್ದಾರೆ. ಅವರು ಹೇಳಿದ್ದು ಗ್ಯಾಸಿನ ವಿಷಯ.

ಗಿಟಾರು ನುಡಿಸುವವರಲ್ಲಿ ಎರಡು ಬಗೆ. ಒಂದು ಸ್ವರ ಮೀಟಿ, ಅದು ತಾನಾಗಿ ಆರುವ ತನಕ ಕಾಯುವವರು. ಇನ್ನೊಂದು ಬಗೆಯವರು, ಎದುರಿಗೆ ದನ ಇರಲಿ ಬಿಡಲಿ, ಹಾರ್ನಿನ ಮೇಲಿಂದ ಕೈ ತೆಗೆಯದ ಬಸ್ ಡ್ರೈವರುಗಳಂಥವರು. ಎರಡನೆಯವರಿಗೇ ಅಭಿಮಾನಿಗಳು ಹೆಚ್ಚು. ಜನರ ಮುಂದೆ ನುಡಿಸುತ್ತ ರೆಕಾರ್ಡು ಮಾಡಿದ ಆಲ್ಬಮ್ಮುಗಳು ನನಗೆ ಆಗಿಬರುವುದಿಲ್ಲ. ಕೊನೆಯಲ್ಲಿ ಚಪ್ಪಾಳೆ ಕೇಳಿದಾಗಲೆಲ್ಲ ಅಷ್ಟು ಜನ ಒಟ್ಟಿಗೆ ಹೊರಗೆ ಬಿದ್ದು ಮನೆಗೆ ಹೇಗೆ ಹೋದರೋ, ಬಸ್ಸಿತ್ತೋ ಇಲ್ಲವೋ ಎಂಬ ಚಿಂತೆ ಹತ್ತಿ ಹಾಡಿನ ರುಚಿ ಕೆಡುತ್ತದೆ. ಗಂಟಲು ಹೋದ ಮೇಲೆ ಮುದುಕರು ಹಾಡಿದ ಆಲ್ಬಮ್ಮುಗಳು ಬಹಳ ಇಷ್ಟ. ಅವರಿಗೆ ಜಂಬ ಪಡಲು ಉಸಿರು ಉಳಿದಿರುವುದಿಲ್ಲ.

ನಮ್ಮ ಕಡೆ ಹೊಗೆಸೊಪ್ಪು ಬೆಳೆಯುವವರಲ್ಲಿ ಒಂದು ಅಭ್ಯಾಸವಿದೆ. ಹರಾಜಿಗೆ ಬೇಲು, ಅಂದರೆ ಎಲೆಯ ಹೊರೆ, ಕಟ್ಟುವಾಗ ನಿಂಬೆಹಣ್ಣಿನ ಬಣ್ಣದ ಒಳ್ಳೆಯ ಎಲೆಯನ್ನು ಕಣ್ಣಿಗೆ ಕಾಣುವ ಹಾಗೆ ಮೇಲಿಟ್ಟು, ಕಂದು ಬಣ್ಣದ್ದನ್ನು ನಡುವೆ ತುರುಕುತ್ತಾರೆ. ಕೊಳ್ಳುವವನಿಗೂ ಅದು ಗೊತ್ತಿರುವುದರಿಂದ ಅವನು ನೇರವಾಗಿ ಬೇಲಿನ ಹೊಟ್ಟೆಗೇ ಕೈ ಹಾಕುತ್ತಾನೆ. ನಾನು ಆಲ್ಬಮ್ಮು ನೋಡುವುದೂ ಹಾಗೆಯೇ. ಮೊದಲನೆಯ ಹಾಡನ್ನು ಬಿಟ್ಟು ಐದನೆಯದಕ್ಕೆ ಕೈ ಹಾಕುತ್ತೇನೆ. ಅಲ್ಲೂ ಎಲೆ ಹಳದಿಯಾಗಿದ್ದರೆ ಆ ತಂಡದವರು ಮರ್ಯಾದಸ್ತರು.

ಯಾವ ತಂಡ, ಯಾವ ಆಲ್ಬಮ್ಮು ಎಂದು ಇಲ್ಲಿ ಬರೆಯುವುದಿಲ್ಲ. ಹೆಸರು ಬರೆದರೆ ಓದುವವರು ಕೂಡಲೇ ಫೋನು ತೆಗೆದು ಕೇಳಿ, ನನ್ನ ಮಾತು ಸುಳ್ಳೆಂದು ಹೇಳುತ್ತಾರೆ. ಹಾಗೆ ಒಂದು ಸಲ ಆಗಿಯೂ ಇದೆ. ಈ ಬರಹ ಅದರ ಬಗ್ಗೆಯೇ.

ನನ್ನ ಅಭಿಪ್ರಾಯಗಳಿಗೆಲ್ಲ ಬುಡ ಒಂದು ಕ್ಯಾಸೆಟ್ಟು. ತೊಂಬತ್ತರ ದಶಕದ ಮೊದಲಲ್ಲಿ ಮೈಸೂರಿನ ಒಂದು ರೆಕಾರ್ಡಿಂಗ್ ಅಂಗಡಿಯಲ್ಲಿ ಖಾಲಿ ಕ್ಯಾಸೆಟ್ಟು ಕೊಟ್ಟು, ‘ಇಂಗ್ಲಿಷ್ ಹಾಡು, ಗಿಟಾರು ಇರೋದು’ ಎಂದು ಹೇಳಿ ತುಂಬಿಸಿಕೊಂಡು ಬಂದದ್ದು. ಅಂಗಡಿಯವನು ಲೇಬಲ್ಲಿನ ಮೇಲೆ ‘ಇಂಗ್ಲಿಷ್ 3’ ಎಂದು ಮಾತ್ರ ಬರೆದಿದ್ದ. ಒಂದು ಮತ್ತು ಎರಡು ಯಾರ ಪಾಲಾದವೋ ಗೊತ್ತಿಲ್ಲ. ಹಾಡುವವನು ಯಾರು, ಯಾವ ದೇಶದವನು ಎಂಬುದು ನನಗಾಗಲೀ, ಜೊತೆಗೆ ಬಂದಿದ್ದ ನನ್ನ ಸ್ನೇಹಿತನಿಗಾಗಲೀ ಗೊತ್ತಿರಲಿಲ್ಲ. ಅಂಗಡಿಯವನಿಗೂ ಗೊತ್ತಿತ್ತೆಂದು ನಾನು ನಂಬುವುದಿಲ್ಲ.

ಈ ಸ್ನೇಹಿತ ಹುಣಸೂರಿಗೂ ಪಿರಿಯಾಪಟ್ಟಣಕ್ಕೂ ನಡುವಿನ ನಮ್ಮ ಹಳ್ಳಿಯಲ್ಲಿ ಪಕ್ಕದ ಮನೆಯವನು. ಅವರಿಗೆ ಸ್ವಲ್ಪ ಹೊಲವಿತ್ತು, ಬ್ಯಾರನ್ ಇರಲಿಲ್ಲ. ಬ್ಯಾರನ್ ಎಂದರೆ ಹೊಗೆಸೊಪ್ಪನ್ನು ಕಡ್ಡಿಗೆ ಕಟ್ಟಿ ನೇತುಹಾಕಿ, ಕೆಳಗೆ ಸೌದೆ ಉರಿಸಿ, ನಾಲ್ಕೈದು ದಿನ ಬಿಸಿಯಲ್ಲಿ ಹದ ಮಾಡುವ ಎತ್ತರದ ಕೋಣೆ. ನಮಗೆ ಅದಿತ್ತು. ಮಳೆಗಾಲದಲ್ಲಿ ಬ್ಯಾರನ್ ಹತ್ತಿದಾಗ ಹಗಲಿನ ಪಾಳಿ ನನ್ನದು. ಸೌದೆ ನೂಕಲು ಅವನೂ ಬಂದು ಕೂರುತ್ತಿದ್ದ. ನಡುವೆ ಟೇಪ್ ರೆಕಾರ್ಡರು. ಹೊರಗೆ ಮಳೆ ಹಿಡಿದರೆ ಊರೆಲ್ಲ ತೊಪ್ಪೆಯಾಗಿ, ಬಿಸಿಯಾಗಿರುವುದು ಬ್ಯಾರನ್ನಿನ ಗೋಡೆ ಮಾತ್ರ. ಬೆಂಕಿಪೊಟ್ಟಣ, ಒದ್ದೆ ಟವೆಲು, ಉಪ್ಪಿನ ಡಬ್ಬಿ ಎಲ್ಲವೂ ಆ ಗೋಡೆಯ ಗೂಡಿನಲ್ಲಿ. ಟೇಪ್ ರೆಕಾರ್ಡರಿನ ಸೆಲ್ಲುಗಳು ಸೋತರೆ ಅವನ್ನೂ ಅಲ್ಲಿಟ್ಟು ಬಿಸಿ ಮಾಡಿ ಮತ್ತೆ ಹಾಕುತ್ತಿದ್ದೆವು. ಇನ್ನೊಂದೆರಡು ಹಾಡಿನಷ್ಟು ಜೀವ ಬರುತ್ತಿತ್ತು.

ಆ ಕ್ಯಾಸೆಟ್ಟಿನಲ್ಲಿ ಒಬ್ಬ ಗಂಡಸು ಬಹಳ ನಿಧಾನವಾಗಿ, ತಗ್ಗಿದ ದನಿಯಲ್ಲಿ, ಒಂದೊಂದು ಮಾತಿಗೂ ಉಸಿರು ತೆಗೆದುಕೊಂಡು ಹಾಡುತ್ತಿದ್ದ. ಡ್ರಮ್ಮು ದೂರದಲ್ಲಿ ಯಾರೋ ಭತ್ತ ಬಡಿದಂತೆ. ಗಿಟಾರಿನ ಸ್ವರ ಎಳೆದುಕೊಂಡು ಹೋಗಿ ಕೊನೆಯಲ್ಲಿ ಸ್ವಲ್ಪ ನಡುಗುತ್ತಿತ್ತು. ಮಾತು ಅರ್ಥವಾಗುತ್ತಿರಲಿಲ್ಲ, ಆದರೆ ಅವನಿಗೆ ಏನೋ ದೊಡ್ಡದು ತಪ್ಪಿಹೋಗಿದೆ ಎಂಬುದರಲ್ಲಿ ನನಗೆ ಅನುಮಾನವಿರಲಿಲ್ಲ. ಅಪ್ಪ ತೀರಿಕೊಂಡ ವಾರ, ನೆಂಟರೆಲ್ಲ ಹೋದ ಮೇಲೆ, ನಾನು ಕೇಳಿದ್ದು ಅದನ್ನೇ. ಕಣ್ಣೀರು ಬಂದದ್ದು ಆಗಲೇ. ಅದಕ್ಕಿಂತ ಮುಂಚೆ ಬಂದಿರಲಿಲ್ಲ, ಬರುತ್ತಿಲ್ಲವಲ್ಲ ಎಂಬುದೇ ಒಂದು ಚಿಂತೆಯಾಗಿತ್ತು.

ಆಮೇಲೆ ನೂರಾರು ಆಲ್ಬಮ್ಮು ಕೇಳಿದೆ. ಸಿಡಿ ಬಂತು, ಫೋನು ಬಂತು. ಎಲ್ಲವನ್ನೂ ‘ಇಂಗ್ಲಿಷ್ 3’ರ ಪಕ್ಕದಲ್ಲಿಟ್ಟು ತೂಗಿದೆ. ಚುರುಕಾಗಿ ನುಡಿಸುವ ತಂಡಗಳನ್ನೆಲ್ಲ ‘ಅವಸರದವರು’ ಎಂದು ತೆಗೆದಿಟ್ಟೆ. ನಿಧಾನವೇ ನಿಜವಾದ ರಾಕ್, ವೇಗ ಎಂಬುದು ಭಯ ಮುಚ್ಚಿಕೊಳ್ಳುವ ಉಪಾಯ, ಇದು ನನ್ನ ಸಿದ್ಧಾಂತ. ಸಿದ್ಧಾಂತವಿರುವ ಮನುಷ್ಯ ಸುಮ್ಮನಿರುವುದಿಲ್ಲ. ಮದುವೆ ಮನೆ, ಆಸ್ಪತ್ರೆ ಕಾರಿಡಾರು, ಎಲ್ಲಿ ಯಾರು ಸಿಕ್ಕರೂ ಹೇಳಿದೆ.

ಸ್ನೇಹಿತ ಐಟಿಐ ಓದಿ, ಹೆಂಡತಿಯ ಊರಿನ ಹತ್ತಿರ ಸರಗೂರಿನಲ್ಲಿ ಮೋಟಾರು ವೈಂಡಿಂಗ್ ಅಂಗಡಿ ಹಾಕಿದ. ಸುಟ್ಟುಹೋದ ಬೋರ್‌ವೆಲ್ ಮೋಟಾರಿನೊಳಗಿನ ತಾಮ್ರದ ತಂತಿ ಬಿಚ್ಚಿ ಹೊಸದು ಸುತ್ತುವ ಕೆಲಸ. ಕೈ ಶುದ್ಧ ಎಂದು ಹೆಸರು ಮಾಡಿದ. ಎಚ್.ಡಿ. ಕೋಟೆಯ ಆಚೆಯಿಂದಲೂ ಮೋಟಾರು ಹೊತ್ತು ಬರುತ್ತಿದ್ದರು. ಆರು ವರ್ಷದ ಹಿಂದೆ ಮಗಳ ಮದುವೆ ಮಾಡಿದ. ಕೆ.ಆರ್. ನಗರದ ಕಡೆಯ ನೀರಾವರಿ ಗದ್ದೆಯ ಮನೆತನದವರು ಬೀಗರು.

ಮದುವೆಯಾದ ಮೇಲೆ ಹೆಣ್ಣಿನ ಕಡೆಯವರು ಗಂಡಿನ ಕಡೆಯವರಿಗೆ ಬೀಗರ ಊಟ ಹಾಕಬೇಕು. ಬಾಡೂಟ, ನೂರಾರು ಜನ. ಉಪಚಾರದಲ್ಲಿ ಒಂದು ಕೂದಲೆಳೆ ಹೆಚ್ಚುಕಡಿಮೆಯಾದರೂ ಹತ್ತು ವರ್ಷ ಮಾತಾಗುತ್ತದೆ. ಊಟವಾದ ಮೇಲೆ ಶಾಮಿಯಾನದ ಕೆಳಗೆ ಎಲೆಅಡಿಕೆ ಹಾಕಿಕೊಂಡು ಎಂಟು ಹತ್ತು ಜನ ಕೂತಿದ್ದೆವು. ಗಂಡಿನ ತಂದೆ, ಅವರ ಅಣ್ಣತಮ್ಮಂದಿರು, ನಾನು, ನನ್ನ ಸ್ನೇಹಿತ. ಯಾರೋ ಹಾಡಿನ ಮಾತು ತೆಗೆದರು. ನನಗೆ ಅಷ್ಟು ಸಾಕಾಯಿತು. ‘ಇಂಗ್ಲಿಷ್ 3’ರ ನಿಧಾನದ ಬಗ್ಗೆ, ಅದರಲ್ಲಿರುವ ದುಃಖದ ಬಗ್ಗೆ ಕಾಲು ಗಂಟೆ ಮಾತಾಡಿದೆ. ಸ್ನೇಹಿತ ನಗುತ್ತ ಕೇಳುತ್ತಿದ್ದವನು ನಡುವೆ ಬಾಯಿ ಹಾಕಿದ.

“ಅವಯ್ಯ ಅಷ್ಟು ನಿಧಾನಕ್ಕೆ ಆಡಿಲ್ಲ ಕಣ್ಲಾ. ಟೇಪು ಹಿಗ್ಬುಟ್ಟದೆ. ಅದು ಎಂಗಾಯ್ತು ಅಂದ್ರೆ...”

ನಾನು ಅವನಿಗೆ ಮಾತು ಮುಗಿಸಲು ಬಿಡಲಿಲ್ಲ.

“ನೀನು ತಂತಿ ಸುತ್ಕೊಂಡಿರು ಬುಡ್ಲಾ,” ಎಂದೆ. “ಹಾಡು ಕೇಳೋಕೆ ಬೇರೆ ಕಿವಿ ಬೇಕು.”

ಎಲ್ಲರೂ ನಕ್ಕರು. ಬೀಗರು ಎಲ್ಲರಿಗಿಂತ ಜೋರಾಗಿ ನಕ್ಕರು. ನನಗೆ ಖುಷಿಯಾಯಿತು, ನನ್ನ ಮಾತಿಗೆ ಜನ ನಗುವುದು ಅಪರೂಪ. ಸ್ನೇಹಿತ ಎದ್ದು, ಮಜ್ಜಿಗೆ ಎಲ್ಲರಿಗೂ ಬಂತೇ ಎಂದು ನೋಡಲು ಹೋದ. ಮತ್ತೆ ಬರಲಿಲ್ಲ.

ಆಮೇಲೆ ಅವನು ಫೋನು ಮಾಡುವುದು ನಿಂತಿತು. ನಾನು ಮಾಡಿದರೆ ಕೆಲಸ ಜಾಸ್ತಿ ಎನ್ನುತ್ತಿದ್ದ. ಸ್ವಲ್ಪ ದಿನಕ್ಕೆ ಅದೂ ನಿಂತಿತು. ಚಿಂತೆ ಮಾಡುವುದರಲ್ಲಿ ಪಳಗಿದ ನಾನು ಕಾರಣಗಳನ್ನು ಹುಡುಕಿದೆ: ಅವನಿಗೆ ಸಕ್ಕರೆ ಕಾಯಿಲೆ ಇರಬಹುದು, ನಾನು ಕೊಟ್ಟ ಮದುವೆ ಉಡುಗೊರೆ ಸಣ್ಣದಾಗಿರಬಹುದು, ನನ್ನ ನಂಬರೇ ಅವನ ಫೋನಿನಿಂದ ಅಳಿಸಿಹೋಗಿರಬಹುದು. ಗ್ಯಾಸ್ ಸಿಲಿಂಡರು ಸೋರುತ್ತಿದೆಯೇ ಎಂದು ದಿನಕ್ಕೆ ಮೂರು ಸಲ ಮೂಸಿ ನೋಡುವ ಮನುಷ್ಯ ನಾನು. ನನ್ನ ಬಾಯಿಂದ ಏನು ಹೊರಬಿತ್ತೆಂದು ಆರು ವರ್ಷದಲ್ಲಿ ಒಂದು ಸಲವೂ ನೋಡಿಕೊಳ್ಳಲಿಲ್ಲ.

ಈಚೆಗೆ ಒಂದು ಭಾನುವಾರ ನನ್ನ ಮಗಳು ತಾನಾಗಿ ಉಪಕಾರಕ್ಕೆ ಬಂದಳು. ಅವಳಿಗೆ ಪಿಯುಸಿ ಎರಡನೇ ವರ್ಷ. ಹಾಡು ಕೇಳಿಸಿದರೆ ಅದು ಯಾರದೆಂದು ಹೇಳುವ ಆ್ಯಪು ಅವಳ ಫೋನಿನಲ್ಲಿತ್ತು. ನಾನು ಕ್ಯಾಸೆಟ್ಟು ಹಾಕಿದೆ, ಅವಳು ಫೋನು ಹಿಡಿದಳು. ಫೋನು ಬಹಳ ಹೊತ್ತು ಯೋಚಿಸಿ ಕೈಚೆಲ್ಲಿತು. ಇನ್ನೊಂದು ಹಾಡು, ಮತ್ತೊಂದು. ಊಹೂಂ.

“ಅಪ್ಪ, ನಿಮ್ಮ ಹಾಡು ಪ್ರಪಂಚದಲ್ಲೇ ಇಲ್ವಂತೆ,” ಎಂದಳು.

ನನಗಾದ ಸಂತೋಷವನ್ನು ಬರೆಯಲು ಈಗ ನಾಚಿಕೆಯಾಗುತ್ತದೆ. ಪ್ರಪಂಚ ಮರೆತ ಒಬ್ಬ ಗಾಯಕನನ್ನು ಮೂವತ್ತು ವರ್ಷ ನಾನೊಬ್ಬನೇ ಕಾಪಾಡಿಕೊಂಡು ಬಂದಿದ್ದೆ. ಹೆಂಡತಿಗೆ ಹೇಳಲು ಅಡುಗೆಮನೆಗೆ ಹೋದೆ. ಅವಳು ಹುಣಸೆಹಣ್ಣು ಕಿವುಚುತ್ತ ಸರಿ ಎಂದಳು. ಹಿಂದಿರುಗಿ ಬರುವಷ್ಟರಲ್ಲಿ ಮಗಳು ಹಾಡನ್ನು ಫೋನಿಗೆ ರೆಕಾರ್ಡು ಮಾಡಿಕೊಂಡು, ಅದರ ವೇಗ ಸ್ವಲ್ಪ ಸ್ವಲ್ಪವೇ ಹೆಚ್ಚಿಸುತ್ತಿದ್ದಳು. ಅವಳಿಗೆ ಅದೊಂದು ಆಟ. ಮೂರನೆಯ ಸಲ ಹೆಚ್ಚಿಸಿದಾಗ ಫೋನು ಗಕ್ಕನೆ ಉತ್ತರ ಕೊಟ್ಟಿತು. ತಂಡದ ಹೆಸರು, ಆಲ್ಬಮ್ಮು, ಬಿಸಿಲಿನಲ್ಲಿ ಹಲ್ಲು ಬಿಟ್ಟು ನಿಂತ ನಾಲ್ಕು ಹುಡುಗರ ಚಿತ್ರ.

ಅವಳು ಮೂಲ ಹಾಡು ಹಾಕಿದಳು. ಇಪ್ಪತ್ತೆರಡು ಇಪ್ಪತ್ಮೂರರ ಹುಡುಗನೊಬ್ಬ ಎತ್ತರದ ದನಿಯಲ್ಲಿ, ಕುಣಿಯುವ ಹಾಗೆ ಹಾಡುತ್ತಿದ್ದ. ಡ್ರಮ್ಮಿನವನಿಗೆ ಎಲ್ಲಿಗೋ ಹೋಗುವ ತುರ್ತಿತ್ತು. ನಾನು ನನ್ನ ಅಪ್ಪನಿಗಾಗಿ ಅತ್ತ ಹಾಡು ರಜೆಯಲ್ಲಿ ಗೆಳೆಯರ ಕಾರು ಹತ್ತಿ ಸಮುದ್ರಕ್ಕೆ ಹೋಗುವ ಖುಷಿಯ ಬಗ್ಗೆ ಎಂದು ಮಗಳು ಓದಿ ಹೇಳಿದಳು. ನನ್ನ ಮುಖ ನೋಡಿ ಅರ್ಧಕ್ಕೆ ನಿಲ್ಲಿಸಿದಳು. ಒಳ್ಳೆಯ ಹುಡುಗಿ.

ಮೊದಲ ಎರಡು ದಿನ ಆಲ್ಬಮ್ಮಿನ ಚಿಂತೆಯೇ ಆಯಿತು. ಬುಡವೇ ತಪ್ಪಾದರೆ ಮೇಲಿನದೆಲ್ಲ ಏನು? ‘ಅವಸರದವರು’ ಎಂದು ತೆಗೆದಿಟ್ಟ ತಂಡಗಳನ್ನು ಒಂದೊಂದಾಗಿ ಮತ್ತೆ ಕೇಳಿದೆ. ಅವರಲ್ಲಿ ಕೆಲವರು ಭಯ ಮುಚ್ಚಿಕೊಳ್ಳುತ್ತಿರಲಿಲ್ಲ, ಸುಮ್ಮನೆ ಸಂತೋಷವಾಗಿದ್ದರು. ಇಷ್ಟು ವರ್ಷ ಅವರ ಮೇಲೆ ಅನುಮಾನ ಪಟ್ಟದ್ದಕ್ಕೆ ಯಾರ ಹತ್ತಿರ ಹೇಳಿಕೊಳ್ಳುವುದು? ಇನ್ನೊಂದು ಕಡೆ, ಅಪ್ಪನಿಗಾಗಿ ಬಂದ ಅಳು ಸುಳ್ಳಲ್ಲವಲ್ಲ. ಹಿಗ್ಗಿದ ಟೇಪಿನಿಂದ ಬಂದರೂ ಅಳು ನನ್ನದೇ. ಹೀಗೆ ಯೋಚಿಸುತ್ತ ಆಫೀಸಿನಲ್ಲಿ ಒಬ್ಬ ಹುಡುಗಿಯ ವರ್ಗಾವಣೆ ಪತ್ರದಲ್ಲಿ ತಂದೆಯ ಹೆಸರಿನ ಜಾಗದಲ್ಲಿ ಅವಳದೇ ಹೆಸರು ಬರೆದೆ.

ಮೂರನೆಯ ದಿನ ‘ಟೇಪು ಹಿಗ್ಬುಟ್ಟದೆ’ ಎಂಬ ಮಾತು ನೆನಪಾಯಿತು. ಅದರ ಹಿಂದೆಯೇ ನಾನಂದ ಮಾತೂ ನೆನಪಾಯಿತು, ಬೀಗರು ನಕ್ಕದ್ದು, ಅವನು ಎದ್ದು ಹೋದದ್ದು. ಕಾಣದಿದ್ದ ಆ ಕಾರಣ ಅಲ್ಲೇ ಶಾಮಿಯಾನದ ಕೆಳಗೆ ಕೂತಿತ್ತು. ನನಗೆ ಉಳಿದಿರುವ ಹಳೆಯ ಸ್ನೇಹಿತ ಅವನೊಬ್ಬನೇ. ಹೊಸಬರನ್ನು ಮಾಡಿಕೊಳ್ಳುವ ವಯಸ್ಸೂ ಅಲ್ಲ, ಗುಣವೂ ಇಲ್ಲ.

ಅವನಿಗೆ ಮೆಸೇಜು ಬರೆದೆ. ಬರೆದು ಅಳಿಸಿದೆ. ಉದ್ದವಾದದ್ದು ಬರೆದೆ, ಅದರಲ್ಲಿ ಕ್ಷಮೆಗಿಂತ ಸಂಗೀತವೇ ಜಾಸ್ತಿಯಾಯಿತು. ಫೋನು ಮಾಡಲೇ ಎಂದು ಹೆಂಡತಿಯನ್ನು ಕೇಳಿದೆ.

“ಬೀಗರ ಮುಂದೆ ಬಾಯಿಗೆ ಬಂದಂಗೆ ಅಂದ್ಬುಟ್ಟು, ಫೋನಲ್ಲಿ ಸಾರಿ ಅಂತೀರಾ?” ಎಂದಳು. “ಎದ್ದು ಹೋಗಿ ಬನ್ನಿ.” ಅವಳಿಗೆ ಆರು ವರ್ಷದಿಂದ ಎಲ್ಲ ಗೊತ್ತಿತ್ತು. ಏಕೆ ಹೇಳಲಿಲ್ಲ ಎಂದರೆ, ನಾನು ಹಾಡಿನ ವಿಷಯದಲ್ಲಿ ಯಾರ ಮಾತು ಕೇಳಿದ್ದೇನೆ ಎಂದು ತಿರುಗಿ ಕೇಳಿದಳು.

ಎಚ್.ಡಿ. ಕೋಟೆಯಲ್ಲಿ ಬಸ್ಸು ಬದಲಿಸಿ ಸರಗೂರಿಗೆ ಹೋದೆ. ದಾರಿಯುದ್ದಕ್ಕೂ ಬ್ರೇಕಿನ ಸದ್ದು ಕೇಳುತ್ತ, ಹೇಳಬೇಕಾದ್ದನ್ನು ಒಪ್ಪಿಸಿಕೊಳ್ಳುತ್ತ ಹೋದೆ. ಅಂಗಡಿ ವಾರ್ನಿಷಿನ ವಾಸನೆಯಿಂದ ತುಂಬಿತ್ತು. ಅವನು ನೆಲದ ಮೇಲೆ ಕೂತು, ಕೊಳವೆಯಂಥ ಉದ್ದನೆಯ ಮೋಟಾರೊಂದರ ಸಂದುಗಳಿಗೆ ತಂತಿ ಕೂರಿಸುತ್ತಿದ್ದ. ತಲೆ ಎತ್ತಿ ನೋಡಿ, ಬಾ ಎಂದ. ಸ್ಟೂಲು ತೋರಿಸಿದ. ಎಣಿಕೆ ತಪ್ಪುತ್ತದೆ, ಇದೊಂದು ಸುತ್ತು ಮುಗಿಯಲಿ ಎಂದ. ನಾನು ಕಾದೆ. ಎಷ್ಟು ಸುತ್ತಿದನೆಂದು ಅವನ ತುಟಿಗಳು ಎಣಿಸುತ್ತಿದ್ದವು. ತಂತಿ ಎಲ್ಲೂ ಸಡಿಲವಿಲ್ಲ, ಎಲ್ಲೂ ಬಿಗಿಯಿಲ್ಲ. ಇಷ್ಟು ವರ್ಷದ ಸ್ನೇಹದಲ್ಲಿ ಅವನು ಕೆಲಸ ಮಾಡುವುದನ್ನು ನಾನು ಕೂತು ನೋಡಿದ್ದು ಅದೇ ಮೊದಲು.

ಮುಗಿದ ಮೇಲೆ ಹೇಳಿದೆ. ಮಗಳ ಫೋನು, ಹಲ್ಲು ಬಿಟ್ಟ ಹುಡುಗರು, ಸಮುದ್ರ, ಎಲ್ಲ. ನೀನು ಹೇಳಿದ್ದೇ ಸರಿ, ನಾನು ಅಂದದ್ದು ತಪ್ಪು ಎಂದೆ. ಬಸ್ಸಿನಲ್ಲಿ ಒಪ್ಪಿಸಿಕೊಂಡಿದ್ದರಲ್ಲಿ ಅರ್ಧ ಮರೆತುಹೋಗಿತ್ತು.

ಅವನು ಕೈ ಒರೆಸಿಕೊಂಡ.

“ಅದ ಗೋಡೆ ಗೂಡಲ್ಲಿ ಮಡಗಿದ್ದು ನಾನೇ ಕಣ,” ಎಂದ. “ಮಳೇಲಿ ಶೀತ ಆಯ್ತದೆ ಅಂತ ಸೆಲ್ಲಿನ ಜೊತೆ ಮಡಗ್ಬುಟ್ಟು ಊರಿಗೋಗಿದ್ದೆ. ನಾಕು ದಿವ್ಸ. ಬಂದು ಆಕುದ್ರೆ ಅಂಗೆ ಎಳೀತಾ ಅದೆ. ನೀನು ನೋಡುದ್ರೆ, ಈಗ ಚೆನ್ನಾಗದೆ, ಈಗ್ಲೇ ಅರ್ಥ ಆಯ್ತಿರೋದು ಅಂದೆ. ಏನಂತ ಯೋಳ್ಲಿ?”

ಆ ದಿನ ನನಗೆ ನೆನಪೇ ಇಲ್ಲ. ಕ್ಯಾಸೆಟ್ಟು ಮೊದಲು ಹೇಗೆ ಹಾಡುತ್ತಿತ್ತೆಂಬುದೂ ನೆನಪಿಲ್ಲ. ಅವನಿಗೆ ಎರಡೂ ನೆನಪಿತ್ತು. ನನ್ನ ಕ್ಯಾಸೆಟ್ಟನ್ನು ತಾನು ಹಾಳು ಮಾಡಿದ್ದನ್ನು ಇಷ್ಟು ವರ್ಷ ಮನಸ್ಸಿನಲ್ಲಿಟ್ಟುಕೊಂಡಿದ್ದ. ಬೀಗರ ಊಟದ ದಿನ ಎಲ್ಲರೂ ಖುಷಿಯಲ್ಲಿದ್ದಾಗ ಅದನ್ನೊಂದು ತಮಾಷೆ ಮಾಡಿ ಹೇಳಿ ಹಗುರಾಗೋಣ ಎಂದುಕೊಂಡಿದ್ದನಂತೆ. ತಪ್ಪು ಒಪ್ಪಿಕೊಳ್ಳಲು ಬಾಯಿ ತೆರೆದವನನ್ನೇ ನಾನು ಬಾಯಿ ಮುಚ್ಚಿಸಿದ್ದೆ.

“ಟೇಪಿನ ಇಚಾರ ಬುಡು,” ಎಂದ. “ಅವತ್ತಿಂದ ನಮ್ಮ ಬೀಗ್ರು ನನ್ನ ತಂತಿ ಬೀಗ್ರು ಅಂತ್ಲೇ ಕರೆಯೋದು. ಫೋನ್ ಮಾಡುದ್ರೆ ತಂತಿ ಬೀಗ್ರೆ. ಹಬ್ಬಕ್ಕೋದ್ರೆ ತಂತಿ ಬೀಗ್ರು ಬಂದ್ರು, ಚಾಪೆ ಹಾಕಿ. ಮಗಳು ಬೇಜಾರು ಮಾಡ್ಕತಾಳೆ.”

ಹೆಸರು ಇಟ್ಟವನು ನಾನು. ಒಂದು ನಗೆಗಾಗಿ ಎಸೆದ ಮಾತು ಆರು ವರ್ಷ ಅವನ ಹಿಂದೆ ಹಿಂದೆಯೇ ಓಡಾಡಿತ್ತು, ನಾನು ಹುಣಸೂರಿನಲ್ಲಿ ಕೂತು ಅವನ ಸಕ್ಕರೆ ಕಾಯಿಲೆಯ ಚಿಂತೆ ಮಾಡುತ್ತಿದ್ದೆ. ಕೆ.ಆರ್. ನಗರಕ್ಕೆ ಹೋಗಿ ಬೀಗರ ಹತ್ತಿರ ಮಾತಾಡಲೇ ಎಂದೆ. ಅದು ಇನ್ನೂ ಕೆಡುತ್ತದೆ ಎಂದ. ಆಮೇಲೆ ಟೀ ತರಿಸಿದ. ಕುಡಿಯುತ್ತ, ಮಗಳು ಎರಡನೇ ಹೆರಿಗೆಯಾಗಿ ಮನೆಯಲ್ಲೇ ಇದ್ದಾಳೆ, ಮುಂದಿನ ತಿಂಗಳು ಕೂಸನ್ನು ತೊಟ್ಟಿಲಿಗೆ ಹಾಕುತ್ತೇವೆ, ಬೀಗರ ಕಡೆಯವರೆಲ್ಲ ಬರುತ್ತಾರೆ ಎಂದ.

“ನೀನೂ ಬಾ. ಈಗ ಯೋಳ್ದಲ್ಲ, ಅದ ಅವ್ರ ಮುಂದೆ ಯೋಳು. ಒಂದೂ ಬುಡ್ಬಾರ್ದು. ಅತ್ತಿದ್ದೂವೆ.”

ಒಪ್ಪಿಕೊಂಡೆ. ಆ ತಿಂಗಳು ನಾನು ಪಟ್ಟ ಪಾಡು ಬೇಡ. ಹೇಳುವಾಗ ಯಾರೂ ನಗದಿದ್ದರೆ? ಅಪ್ಪನ ಮಾತು ಬಂದಾಗ ಮತ್ತೆ ಅತ್ತುಬಿಟ್ಟರೆ? ಎಲ್ಲರೂ ನಕ್ಕು, ನನಗೂ ಒಂದು ಹೆಸರು ಬಿದ್ದರೆ? ಬೀಳಲಿ ಎಂದಳು ಹೆಂಡತಿ.

ತೊಟ್ಟಿಲ ಶಾಸ್ತ್ರ ಮುಗಿದು ಊಟವಾದ ಮೇಲೆ ಅದೇ ಜನ, ಅದೇ ರೀತಿ ಎಲೆಅಡಿಕೆ ಹಾಕಿಕೊಂಡು ಕೂತರು. ಬೀಗರು ಒಳಗೆ ನೋಡಿ, ತಂತಿ ಬೀಗ್ರು ಎಲ್ಲೋ, ಕರೀರಿ ಎಂದರು. ಅವನು ಬಂದು ಬಾಗಿಲ ಹತ್ತಿರ ನಿಂತ. ನಾನು ಶುರು ಮಾಡಿದೆ. ನನ್ನ ಸಿದ್ಧಾಂತ ಹೇಳಿದೆ, ಯಾವ ಯಾವ ಮದುವೆ ಮನೆಯಲ್ಲಿ ಅದನ್ನು ಹೇಳಿದ್ದೆನೆಂಬುದನ್ನು ಹೇಳಿದೆ. ಪ್ರಪಂಚ ಮರೆತ ಗಾಯಕನ ಸುದ್ದಿಯನ್ನು ಹೆಂಡತಿಗೆ ಹೇಳಲು ಓಡಿದ್ದಕ್ಕೆ ಅವರು ನಗತೊಡಗಿದರು. ಸಮುದ್ರಕ್ಕೆ ಹೋಗುವ ಹುಡುಗರಿಗೆ ಬಂದಾಗ ಬೀಗರು ಕಣ್ಣೊರೆಸಿಕೊಳ್ಳುತ್ತಿದ್ದರು. ಅಪ್ಪನಿಗಾಗಿ ಅತ್ತದ್ದನ್ನೂ ಹೇಳಿದೆ. ಆಗ ಯಾರೂ ನಗಲಿಲ್ಲ. ನಾನು ನಿರೀಕ್ಷಿಸಿರಲಿಲ್ಲ, ಮುಂದಿನ ಮಾತು ಮರೆತು ನಿಂತೆ.

ಬೀಗರೇ ಕೇಳಿದರು: ಟೇಪು ಹಿಗ್ಗಿದೆ ಎಂದು ಇವರಿಗೆ ಆವತ್ತೇ ಹೇಗೆ ತಿಳಿಯಿತು?

ನಾನು ಸ್ನೇಹಿತನ ಕಡೆ ನೋಡಿದೆ. ಗೂಡಿನ ವಿಷಯ ಬಿಟ್ಟೇ ಹೇಳಬಹುದಿತ್ತು. ಅವನು ಅದರಿಂದಲೇ ಶುರು ಮಾಡಿದ. ತಾನೇ ಇಟ್ಟದ್ದು, ತಾನೇ ಹಾಳು ಮಾಡಿದ್ದು ಎಂದು ಹೇಳಿ, ಬಿಸಿಗೆ ಟೇಪು ಏನಾಗುತ್ತದೆ, ಮೋಟಾರು ಸರಿಯಾಗಿ ತಿರುಗುತ್ತಿದ್ದರೂ ದನಿ ಏಕೆ ತಗ್ಗುತ್ತದೆ, ತಿರುಗುವ ಯಾವ ವಸ್ತುವಿನ ಸದ್ದು ಕೇಳಿದರೂ ಅದರ ಕಾಯಿಲೆ ಹೇಗೆ ತಿಳಿಯುತ್ತದೆ ಎಂದು ವಿವರಿಸಿದ. ಬೀಗರ ತಮ್ಮ, ತಮ್ಮ ಗದ್ದೆಯ ಪಂಪು ಇತ್ತೀಚೆಗೆ ಗೊರಗೊರ ಅನ್ನುತ್ತದೆ ಎಂದು ಬಾಯಲ್ಲೇ ಸದ್ದು ಮಾಡಿ ತೋರಿಸಿದರು. ಬೇರಿಂಗು ಹೋಗಿದೆ, ಈ ವಾರವೇ ಬಿಚ್ಚಿಸಿ ಎಂದ. ಆಮೇಲೆ ಯಾರೂ ನನ್ನ ಕಡೆ ನೋಡಲಿಲ್ಲ. ರಾಕ್ ಸಂಗೀತದ ಬಗ್ಗೆ ನನ್ನ ಬಳಿ ಇನ್ನೂ ಒಂದೆರಡು ಮಾತು ಬಾಕಿಯಿದ್ದವು, ನುಂಗಿಕೊಂಡೆ.

ಇಳಿಹೊತ್ತಿಗೆ ಅವರ ವ್ಯಾನು ಹೊರಟಿತು. ಕಿಟಕಿಯಿಂದ ಕೈ ಎತ್ತಿದ ಬೀಗರು ಏನೆನ್ನುತ್ತಾರೋ ಎಂದು ನಾನು ಉಸಿರು ಹಿಡಿದು ಕಾದೆ.

“ಬತ್ತೀವಿ ಬೀಗ್ರೆ,” ಎಂದರು. ಅಷ್ಟೇ.

ಸ್ನೇಹಿತ ಕೈ ಮುಗಿದು, ವ್ಯಾನು ತಿರುವು ದಾಟುವ ತನಕ ಹಾಗೇ ನಿಂತಿದ್ದ. ಅವನಿಗೆ ಕೇಳಿಸಿತೋ ಇಲ್ಲವೋ ಎಂದು ನಾನು ಕೇಳಲಿಲ್ಲ, ಅವನ ಕಿವಿಯ ಬಗ್ಗೆ ಮಾತಾಡುವ ಹಕ್ಕು ನನಗಿಲ್ಲ. ಒಂದು ಸಲ ಬಿಟ್ಟುಹೋದ ‘ತಂತಿ’ ಎಂಬ ಮಾತು ಮುಂದಿನ ಹಬ್ಬಕ್ಕೆ ಮತ್ತೆ ಬರಬಹುದಲ್ಲ ಎಂಬ ಚಿಂತೆ ಬಸ್ಸಿನಲ್ಲೇ ಶುರುವಾಯಿತು. ಹಬ್ಬದ ಮಾರನೆಯ ದಿನ ಫೋನು ಮಾಡಿ ವಿಚಾರಿಸುತ್ತೇನೆ. ಈಗ ಎತ್ತುತ್ತಾನೆ.